ಎಡಿಎಂ 12 ಹಿಡಿದು ವಿಕ್ಟೋರಿಯಾ ಕಾಲದ ನೌಕಾನೀತಿ: ನನ್ನ ಅನುಭವ

ಎಡಿಎಂ 12 ಎಂದರೆ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ, ಅಡ್ಮಿರಾಲ್ಟಿಗೆ (ನೌಕಾಪಡೆ ನಡೆಸುತ್ತಿದ್ದ ಇಲಾಖೆ) ಬಂದ ಪತ್ರಗಳ ಇಂಡೆಕ್ಸ್ ಮತ್ತು ಡೈಜೆಸ್ಟ್ (ವಿಷಯವಾರು ಸಾರಾಂಶ) ಸಂಪುಟಗಳ ಸರಣಿ. 1866ರಿಂದ 1889ರವರೆಗಿನ ಬ್ರಿಟಿಷ್ ನೌಕಾನೀತಿಯನ್ನು ಅದರ ಡೈಜೆಸ್ಟ್ ಸಂಪುಟಗಳಿಂದ ಕಟ್ಟಬಹುದು ಎಂದಾಗ ಈ ಕ್ಷೇತ್ರದ ಹಿರಿಯರು ಒಪ್ಪಲಿಲ್ಲ. ಅನೇಕ ಮೂಲ ಪತ್ರಗಳನ್ನೇ ಅಡ್ಮಿರಾಲ್ಟಿ ವಿಲೇವಾರಿ ಮಾಡಿರುವಾಗ ಗುಮಾಸ್ತರು ಬರೆದ ಸಾರಾಂಶದಲ್ಲಿ ಏನಿದ್ದೀತು ಎಂಬುದು ಅವರ ವಾದ. ನಾನು ಅದನ್ನು ಹಿಡಿದದ್ದೇ ಆ ಕಾರಣಕ್ಕೆ. ಎಡಿಎಂ 1ರಲ್ಲಿ (ಮೂಲ ಪತ್ರಗಳ ಸರಣಿ) ಈಗ ಸಿಗದ ಪತ್ರವನ್ನು ಯಾರು ಬರೆದರು, ಯಾವತ್ತು, ಏನು ಕೇಳಿದರು ಎಂಬುದು ಡೈಜೆಸ್ಟ್‌ನಲ್ಲಿ ಉಳಿದಿದೆ.

ಹಡಗಿನ ಹೆಸರಿನಿಂದ ಶುರು ಮಾಡಿ, ವಿಷಯದಿಂದಲ್ಲ. ಆ ವರ್ಷದ ಇಂಡೆಕ್ಸ್‌ನಲ್ಲಿ ಹಡಗು ಸಿಕ್ಕರೆ ಡೈಜೆಸ್ಟ್‌ನ ಕಟ್ (ವಿಷಯ ವಿಭಾಗ) ಸಂಖ್ಯೆಗೆ ದಾರಿ ಸಿಗುತ್ತದೆ, ಅಲ್ಲಿಂದ ಎಡಿಎಂ 1ಕ್ಕೆ. ಅಲ್ಲೂ ಪತ್ರ ಇಲ್ಲವಾದರೆ ಗ್ರೀನಿಚ್‌ನ ನೌಕಾ ವಸ್ತುಸಂಗ್ರಹಾಲಯದಲ್ಲಿರುವ, ಆ ಕಾಲದ ನೌಕಾಧಿಕಾರಿ ಅಲೆಕ್ಸಾಂಡರ್ ಮಿಲ್ನ್ ಅವರ ಕಾಗದಪತ್ರ ನೋಡಬೇಕು. ಯಾವ ಕಟ್‌ಗಳನ್ನು ಮೊದಲು ತೆಗೆಯಬೇಕೆಂಬ ನನ್ನ ಪಟ್ಟಿಯನ್ನು ಮಾತ್ರ ಪುಸ್ತಕ ಹೊರಬರುವವರೆಗೆ ಕೊಡಲಾರೆ.

ಈ ಸಂಪುಟಗಳಿರುವ ಲಂಡನ್ನಿನ ಕ್ಯೂ (Kew) ಪತ್ರಾಗಾರದಲ್ಲಿ ಕೂತು ಓದಬೇಡಿ, ಫೋಟೊ ತೆಗೆದು ತನ್ನಿ. ಸ್ವಂತ ಕ್ಯಾಮೆರಾಗೆ ಅಲ್ಲಿ ಶುಲ್ಕವಿಲ್ಲ, ದುಡ್ಡು ಕರಗುವುದು ಲಂಡನ್ನಿನ ವಸತಿಗೆ. ಸಂಪುಟಗಳು ಭಾರ, ಬೈಂಡಿನ ಒಳಅಂಚಿನಲ್ಲಿ ಅಕ್ಷರ ಬಾಗಿ ಮರೆಯಾಗುತ್ತದೆ. ಎರಡು ಪುಟ ಒಟ್ಟಿಗೆ ತೆಗೆದರೆ ಹಾಳಾಗುವುದು ಉಲ್ಲೇಖ ಸಂಖ್ಯೆಯೇ, ಅದಿಲ್ಲದೆ ಉಳಿದದ್ದೆಲ್ಲ ವ್ಯರ್ಥ. ಫೋಮ್ ಆಸರೆ ಇಟ್ಟು ಒಂದೊಂದೇ ಪುಟ ತೆಗೆಯಿರಿ. ಕೈಬರಹ ಓದುವ ತಂತ್ರಾಂಶವನ್ನೂ ಪ್ರಯೋಗಿಸಿದೆ. ಒಬ್ಬ ಗುಮಾಸ್ತನ ಕೈಗೆ ಅದು ಪಳಗುವಷ್ಟರಲ್ಲಿ ಬರಹ ಬೇರೆಯವನದಾಗಿರುತ್ತದೆ, ಸಂಕ್ಷೇಪಗಳಲ್ಲಂತೂ ಪೂರ್ತಿ ಎಡವುತ್ತದೆ. ಹಡಗಿನ ಹೆಸರು ಹೆಕ್ಕಲು ಸಾಕು, ಅಷ್ಟೇ.

ನಿಜವಾದ ಕಷ್ಟ ಇರುವುದು ಹಣದ ಲೆಕ್ಕದಲ್ಲಿ. 1870ರ ದಶಕದ ನೌಕಾ ಅಂದಾಜು (ಸಂಸತ್ತಿನ ಮುಂದಿಡುವ ವಾರ್ಷಿಕ ಆಯವ್ಯಯ) ವರ್ಷಕ್ಕೆ ಒಂದು ಕೋಟಿ ಪೌಂಡಿನ ಆಸುಪಾಸು. ಅದರಲ್ಲಿ ಫಿರಂಗಿಗಳ ಖರ್ಚು ಕಾಣುವುದಿಲ್ಲ. 1880ರ ದಶಕದ ಕೊನೆಯ ಭಾಗದವರೆಗೂ ಅದು ಸೇನೆಯ ಅಂದಾಜಿನಲ್ಲಿ ಹೋಗುತ್ತಿತ್ತು. ಹಾಗಾಗಿ ನೌಕಾ ಅಂದಾಜಿನ ಗ್ರಾಫ್ ಒಂದನ್ನೇ ಎಳೆದರೆ ಆಮೇಲಿನ ಏರಿಕೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1889ರ ನೌಕಾ ರಕ್ಷಣಾ ಕಾಯ್ದೆಯಲ್ಲಿ ಎಡವಟ್ಟು ತಿರುವುಮುರುವು: 70 ಹಡಗು, 2.15 ಕೋಟಿ ಪೌಂಡ್, ಆದರೆ ಅದರಲ್ಲಿ ಒಂದು ಕೋಟಿ ಬಂದದ್ದು ವಾರ್ಷಿಕ ನೌಕಾ ಅಂದಾಜಿನ ಹೊರಗಿನ ಕನ್ಸಾಲಿಡೇಟೆಡ್ ಫಂಡ್‌ನಿಂದ (ಸರ್ಕಾರದ ಸಾಮಾನ್ಯ ನಿಧಿ). ಅಂದಾಜಿನಲ್ಲಿ ಹಡಗು ನಿರ್ಮಾಣದ ಬಾಬ್ತಾದ ವೋಟ್ 8 ಮಾತ್ರ ಕೂಡಿದವರಿಗೆ ಅದು ಸಿಗುವುದೇ ಇಲ್ಲ. ಅಂದಾಜಿಗೂ ಖರ್ಚಿಗೂ ವ್ಯತ್ಯಾಸವಿರುತ್ತದೆ, ನಿಜವಾದ ಖರ್ಚು ತೋರಿಸುವ ಅಪ್ರೋಪ್ರಿಯೇಶನ್ ಅಕೌಂಟ್ಸ್ ಪಕ್ಕದಲ್ಲಿರಲೇಬೇಕು.

ಟನ್ ಲೆಕ್ಕವೂ ಹಾಗೆಯೇ. ವಾರಿಯರ್ ಎಂಬ ಕವಚದ ಹಡಗು ಹಳೆಯ ಬಿಲ್ಡರ್ಸ್ ಅಳತೆಯಲ್ಲಿ (ಉದ್ದ, ಅಗಲದಿಂದ ಲೆಕ್ಕ ಹಾಕಿದ್ದು) ಸುಮಾರು 6,100 ಟನ್, ಡಿಸ್‌ಪ್ಲೇಸ್‌ಮೆಂಟ್‌ನಲ್ಲಿ (ಹಡಗು ಸರಿಸುವ ನೀರಿನ ತೂಕ) 9,200. 1870ರ ದಶಕದ ಆರಂಭದಲ್ಲಿ ಅಳತೆ ಬದಲಾಯಿತು. ಎರಡನ್ನೂ ಒಂದೇ ಕೋಷ್ಟಕದಲ್ಲಿ ಬೆರೆಸಿದರೆ ಇಡೀ ದಶಕದ ತೀರ್ಮಾನ ಕೆಡುತ್ತದೆ. ನಾನು ಹಡಗುಗಳನ್ನು ಎಣಿಸುವುದು ಪೂರ್ಣಗೊಂಡ ವರ್ಷದಿಂದ. ಇನ್‌ಫ್ಲೆಕ್ಸಿಬಲ್ 1876ರಲ್ಲಿ ನೀರಿಗಿಳಿಯಿತು, ಕಡಲಿಗೆ ಸಿದ್ಧವಾಗಲು 1881 ಬಂತು.

ಇಷ್ಟು ಸರಿಪಡಿಸಿ ಡೈಜೆಸ್ಟ್ ಜೊತೆ ಓದಿದಾಗ, ಈ ವರ್ಷಗಳು ನೌಕಾಪಡೆಯ ಕತ್ತಲಯುಗ ಎಂಬ ಹಳೆಯ ಮಾತು ನಿಲ್ಲಲಿಲ್ಲ. ಅಡ್ಮಿರಾಲ್ಟಿ ಮಂಡಳಿ ಫ್ರೆಂಚ್ ಕವಚದ ಹಡಗುಗಳನ್ನು ಎಣಿಸಿ, ಅದಕ್ಕೆ ತಕ್ಕಂತೆ ಕಟ್ಟುತ್ತಿತ್ತು. ಹಿಂದೆ ಅನುಮಾನ ಪಟ್ಟವರೇ ಈಗ ನನ್ನ ಕೋಷ್ಟಕ ಕೇಳುತ್ತಾರೆ.

ಇದರ ನಡುವೆ ಬಾಂಬೆ ಬಂದರಿನ ರಕ್ಷಣೆಗೆ ಇಂಗ್ಲೆಂಡಿನಲ್ಲಿ ಕಟ್ಟಿದ ಅಬಿಸೀನಿಯಾ, ಮಗ್ದಾಲಾ ಎಂಬ ಮಾನಿಟರ್‌ಗಳ (ಗಿರಕಿ ಫಿರಂಗಿಗೋಪುರದ ತಗ್ಗು ಯುದ್ಧನೌಕೆಗಳು) ಬೆನ್ನೂ ಹತ್ತಿದ್ದೆ. 1870ರಲ್ಲಿ ನೀರಿಗಿಳಿದ ಇವುಗಳಿಗೆ ಬೇಡಿಕೆ ಇಟ್ಟದ್ದು ಭಾರತದ ಆಡಳಿತ ನೋಡುತ್ತಿದ್ದ ಲಂಡನ್ನಿನ ಇಂಡಿಯಾ ಆಫೀಸ್. ಅಡ್ಮಿರಾಲ್ಟಿ ಕಡತಗಳಲ್ಲೇ ನಿಂತರೆ ಅರ್ಧ ಕಥೆ, ಉಳಿದರ್ಧಕ್ಕೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಿಗೆ ಹೋಗಬೇಕು.

ಬ್ರಿಟಿಷ್ ಸಂಸತ್ತಿನ ಚರ್ಚೆಗಳ ವರದಿಯಾದ ಹ್ಯಾನ್ಸಾರ್ಡ್ ಬಗ್ಗೆ ಒಂದು ಮಾತು. 1909ಕ್ಕೂ ಮುಂಚಿನದು ಭಾಷಣದ ಅಕ್ಷರಶಃ ದಾಖಲೆಯಲ್ಲ. ಆಗ ಅಡ್ಮಿರಾಲ್ಟಿಯ ಮುಖ್ಯಸ್ಥನಾಗಿದ್ದ ಜಾರ್ಜ್ ಹ್ಯಾಮಿಲ್ಟನ್ 1889ರಲ್ಲಿ ಎರಡು ರಾಷ್ಟ್ರಗಳ ಮಾನದಂಡದ (ಬೇರೆ ಯಾವ ಎರಡು ದೇಶಗಳ ನೌಕಾಪಡೆ ಸೇರಿದರೂ ಸಮನಾಗಿರಬೇಕೆಂಬ ನಿಯಮ) ಬಗ್ಗೆ ಆಡಿದ ಮಾತನ್ನು ಉದ್ಧರಿಸುವ ಮುನ್ನ ಟೈಮ್ಸ್ ವರದಿಯೊಂದಿಗೆ ಹೋಲಿಸಿ.