ವಿಮಾನ ತಡವಾದರೆ, ರದ್ದಾದರೆ ನಾನು ಏನು ಕೇಳುತ್ತೇನೆ, ಹೇಗೆ ಕೇಳುತ್ತೇನೆ

ದೇಶದೊಳಗಿನ ವಿಮಾನ ತಡವಾದರೆ ಅನೇಕರು ಕೌಂಟರ್‌ನಲ್ಲಿ ಮೊದಲು ಕೇಳುವುದು ಪರಿಹಾರದ ದುಡ್ಡು. ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದಲ್ಲಿ ಬರೀ ತಡಕ್ಕೆ ದುಡ್ಡಿಲ್ಲ. ಸರಿಯಾದ ಹೊತ್ತಿಗೆ ಚೆಕ್-ಇನ್ ಆದವರಿಗೆ ಊಟ-ತಿಂಡಿ ಇದೆ. ಹಾರಾಟ ಎರಡೂವರೆ ಗಂಟೆಯೊಳಗಿನದಾದರೆ 2 ಗಂಟೆ ತಡಕ್ಕೆ, ಎರಡೂವರೆಯಿಂದ 5 ಗಂಟೆಯದಾದರೆ 3 ಗಂಟೆ ತಡಕ್ಕೆ. ಅಂದರೆ ಬೆಂಗಳೂರಿನಿಂದ ಮುಂಬೈಗೆ ಹೊರಟವರು 2 ಗಂಟೆಗೇ ಕೂಪನ್ ಕೇಳಬಹುದು, ದೆಹಲಿಗೆ ಹೊರಟವರು ಇನ್ನೊಂದು ಗಂಟೆ ಕಾಯಬೇಕು. ತಡ 6 ಗಂಟೆ ಮೀರಿದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ರೀಫಂಡ್. ರಾತ್ರಿ 8ರಿಂದ ಬೆಳಗಿನ ಜಾವ 3ರೊಳಗೆ ಹೊರಡಬೇಕಿದ್ದ ವಿಮಾನ 6 ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲ್, ಹೋಗಿಬರುವ ವಾಹನ ಎರಡೂ ಕಂಪನಿಯದೇ.

ದುಡ್ಡಿನ ಮಾತು ಬರುವುದು ಮೊದಲೇ ತಿಳಿಸದೆ ವಿಮಾನ ರದ್ದು ಮಾಡಿದಾಗ. 1 ಗಂಟೆವರೆಗಿನ ಹಾರಾಟಕ್ಕೆ 5,000 ರೂಪಾಯಿ, 2 ಗಂಟೆವರೆಗೆ 7,500, ಅದಕ್ಕೂ ಮೇಲೆ 10,000. ಆದರೆ ಈ ಮೊತ್ತ ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮೂಲ ದರ 3,200, ಇಂಧನ ಶುಲ್ಕ 600 ಇದ್ದರೆ ದೆಹಲಿ ವಿಮಾನಕ್ಕೂ ಸಿಗುವುದು 3,800 ಮಾತ್ರ. ಹತ್ತು ಸಾವಿರ ಎಂದು ಬರೆದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಹಾಗಾಗಿ ನಾನು ಇನ್‌ವಾಯ್ಸ್ ತೆಗೆದು ಆ ಎರಡು ಸಾಲುಗಳನ್ನಷ್ಟೇ ಕೂಡುತ್ತೇನೆ.

ಎಡವಟ್ಟು ಹೆಚ್ಚಾಗಿ ಆಗುವುದು ಫೋನ್ ನಂಬರಿನಲ್ಲಿ. ಏಜೆಂಟ್ ಅಥವಾ ಬುಕಿಂಗ್ ಆ್ಯಪ್ ತನ್ನದೇ ನಂಬರ್, ಇಮೇಲ್ ಹಾಕಿರುತ್ತದೆ. ರದ್ದಾದ ಸಂದೇಶ ಅಲ್ಲಿಗೆ ಹೋಗುತ್ತದೆ, ಕಂಪನಿ 'ತಿಳಿಸಿದ್ದೇವೆ' ಎನ್ನುತ್ತದೆ. ಪ್ರಯಾಣಿಕರ ಸಂಪರ್ಕ ವಿವರ ಇಲ್ಲದಿದ್ದರೆ ಪರಿಹಾರ ಕೊಡಬೇಕಿಲ್ಲ ಎಂದು ನಿಯಮವೇ ಹೇಳುತ್ತದೆ. ಟಿಕೆಟ್ ಆದ ದಿನವೇ ಕಂಪನಿಯ ವೆಬ್‌ಸೈಟಿನಲ್ಲಿ ಪಿಎನ್‌ಆರ್ ಹಾಕಿ ನನ್ನ ನಂಬರ್ ಸೇರಿಸುತ್ತೇನೆ. ಎಸ್‌ಎಂಎಸ್‌ನಲ್ಲಿ ಬರುವ 'ಒಪ್ಪಿಗೆ' ಲಿಂಕ್ ಒತ್ತುವ ಮುನ್ನ ಬದಲಿ ವಿಮಾನ ನಿಜಕ್ಕೂ ಬೇಕೇ ಎಂದು ಯೋಚಿಸಿ. ಒತ್ತಿದ ಮೇಲೆ ರೀಫಂಡ್ ಕೇಳುವುದು ಕಷ್ಟ. ರೀಫಂಡನ್ನು ಕ್ರೆಡಿಟ್ ಶೆಲ್‌ಗೆ, ಅಂದರೆ ಮುಂದಿನ ಟಿಕೆಟ್‌ಗೆ ಬಳಸುವಂತೆ ಕಂಪನಿಯಲ್ಲೇ ಇಡುವ ಖಾತೆಗೆ, ಹಾಕಿಸಿಕೊಳ್ಳುವುದು ಪ್ರಯಾಣಿಕರ ಇಷ್ಟ, ಕಂಪನಿಯ ಇಷ್ಟವಲ್ಲ.

ಎಡವಟ್ಟಾಗುವ ಎರಡನೆಯ ಜಾಗ, ಕಂಪನಿ ಹೇಳುವ ಕಾರಣ. ಹವಾಮಾನ, ಎಟಿಸಿ (ವಿಮಾನ ಸಂಚಾರ ನಿಯಂತ್ರಣ), ಭದ್ರತೆಯಂಥ ಕೈಮೀರಿದ ಕಾರಣಕ್ಕೆ ಪರಿಹಾರ ಇಲ್ಲ. ವಿಮಾನ ರದ್ದಾದರೆ ರೀಫಂಡ್ ಆಗಲೂ ಉಂಟು. ಮೈಕಿನಲ್ಲಿ 'ಆಪರೇಷನಲ್ ರೀಸನ್' ಎಂದಷ್ಟೇ ಹೇಳುತ್ತಾರೆ, ಅದನ್ನು ಒಪ್ಪಬೇಡಿ. ಕಾರಣ ಬರೆದ ಪತ್ರವನ್ನು ಕೌಂಟರ್‌ನಲ್ಲಿ ಕೇಳಿ, ಕೊಡದಿದ್ದರೆ ಅಲ್ಲಿಂದಲೇ ಇಮೇಲ್ ಹಾಕಿ. ವಿಮಾನಗಳ ಸಮಯ ತೋರಿಸುವ ಬೋರ್ಡಿನ ಫೋಟೋ ಹಿಡಿಯಿರಿ. ಮಂಜು ಕಾರಣ ಎಂದು ಹೇಳಿದರೆ, ವಿಮಾನಗಳ ಓಡಾಟ ತೋರಿಸುವ ಫ್ಲೈಟ್‌ರೇಡಾರ್24ರಲ್ಲಿ ಅದೇ ಹೊತ್ತಿಗೆ ಅದೇ ಊರಿಗೆ ಬೇರೆ ವಿಮಾನಗಳು ಹೊರಟವೇ ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬೇರೆಯವು ಹಾರಿದ್ದರೆ ಮಂಜಿನ ನೆಪಕ್ಕೆ ಬಲ ಕಡಿಮೆ.

ದೂರು ಮೊದಲು ಕಂಪನಿಯಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ: ಪಿಎನ್‌ಆರ್, ವಿಮಾನ ಸಂಖ್ಯೆ, ತಿಳಿಸಿದ ಸಮಯ, ಕೇಳುವ ಮೊತ್ತ, ಇಷ್ಟೇ. ಬೈಗುಳ ಬೇಡ, ಓದುವವರ ಗಮನ ಅದರ ಮೇಲೇ ಹೋಗುತ್ತದೆ. ಉತ್ತರ ಬರದಿದ್ದರೆ ವಿಮಾನ ಪ್ರಯಾಣಿಕರ ದೂರಿಗಾಗಿ ಸರ್ಕಾರ ನಡೆಸುವ ಏರ್‌ಸೇವಾ ಆ್ಯಪ್. ಅದೂ ಆಗದಿದ್ದರೆ ಗ್ರಾಹಕ ಆಯೋಗಗಳ ಆನ್‌ಲೈನ್ ಪೋರ್ಟಲ್ ಇ-ಜಾಗೃತಿ ಮೂಲಕ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ದಾಖಲಿಸಬಹುದು. ಟಿಕೆಟ್‌ಗೆ ಕೊಟ್ಟದ್ದು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಗಡುವು 2 ವರ್ಷ.