ಉದುರಿದ ಕೊಂಬು ಯಾರದು?

ಕಲಬುರಗಿಯ ಮೃಗಾಲಯದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ಕೀಪರ್ ಕೆಲಸಕ್ಕೆ ಸೇರಿ ಮೂರನೇ ತಿಂಗಳು. ಬೆಳಿಗ್ಗೆ ಚುಕ್ಕೆ ಜಿಂಕೆಗಳಿಗೆ ಹಸಿ ಮೇವು ಹಾಕಲು ಹೋದಾಗ ನೀರಿನ ತೊಟ್ಟಿಯ ಪಕ್ಕ ಒಂದು ಕೊಂಬು ಬಿದ್ದಿತ್ತು. ಮೂರು ಕವಲು, ಬುಡದಲ್ಲಿ ಬಳೆಯಂಥ ಒರಟು ಉಂಗುರ. ಗಾಬರಿಯಾಗಿ ಸುತ್ತ ನೋಡಿದೆ. ಗಂಡು ಜಿಂಕೆ ಒಂದೇ ಕೊಂಬು ಹೊತ್ತು ಆರಾಮಾಗಿ ನಿಂತಿತ್ತು. ನನಗೆ ಗೊತ್ತಿದ್ದದ್ದು ಬೀದರ್ ಕಡೆ ಹೊಲಗಳಲ್ಲಿ ಕಾಣುವ ಕೃಷ್ಣಮೃಗ. ಅದರ ಕೊಂಬು ಉದುರುವುದಿಲ್ಲ. ಚುಕ್ಕೆ ಜಿಂಕೆಯದು ಉದುರಿ ಮತ್ತೆ ಬೆಳೆಯುತ್ತದೆ ಅಂತ ಅವತ್ತೇ ತಿಳಿದದ್ದು.

ಉದುರಿದ್ದು ಕಸವೇ ಅಲ್ವಾ ಅಂದುಕೊಂಡೆ. ಟವೆಲ್ಲಿನಲ್ಲಿ ಸುತ್ತಿ ಮನೆಗೆ ಒಯ್ದು ಮಗಳಿಗೆ ಕೊಟ್ಟೆ. ಮರುದಿನ ನಮ್ಮ ಪಶುವೈದ್ಯರಿಗೆ ಖುಷಿಯಿಂದ ಹೇಳಿದರೆ ಅವರ ಮುಖ ಗಂಭೀರವಾಯಿತು. "ಮೊದಲು ಅದನ್ನ ತಗೊಂಡು ಬಾ, ಆಮೇಲೆ ಮಾತಾಡೋಣ" ಅಂದರು.

ತಂದ ಮೇಲೆ ಕೂರಿಸಿಕೊಂಡು ಓದಿ ಹೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಸೆಕ್ಷನ್ 39. ಕಾಡುಪ್ರಾಣಿ ಬೋನಿನಲ್ಲೇ ಹುಟ್ಟಿರಲಿ, ಅದು ಸರ್ಕಾರದ ಸ್ವತ್ತು. ಅದರ ಕೊಂಬೂ ಅಷ್ಟೇ. ಕೈಗೆ ಸಿಕ್ಕರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಸಂಬಂಧಪಟ್ಟ ಅಧಿಕಾರಿಗೋ ತಿಳಿಸಬೇಕು. ಕೂದಲು, ಉಗುರು, ಹಲ್ಲು, ಮೊಟ್ಟೆ, ಗೂಡು ಎಲ್ಲವೂ ಕಾಯ್ದೆಯ ಲೆಕ್ಕಕ್ಕೆ ಬರುತ್ತವೆ. ನವಿಲಿನ ಬಾಲದ ಗರಿಗೆ ವಿನಾಯಿತಿ ಇದೆ. ಜನ ಅದನ್ನು ನೋಡಿ ಉಳಿದದ್ದಕ್ಕೂ ಇದೆ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಕೊಂಬು ತೂಗಿ, ಅಳೆದು, ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುವಾಗ ನನ್ನ ಕೈ ನಡುಗುತ್ತಿತ್ತು.

ಅವತ್ತೇ ಸಂಜೆ ನೂರು ಪುಟದ ಒಂದು ನೋಟ್‌ಬುಕ್ ಕೊಂಡೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಡಾಕ್ಟರನ್ನು ಕೇಳಿ ಕೇಳಿ ನನ್ನ ಕೆಲಸಕ್ಕೆ ತಾಗುವ ನಿಯಮಗಳನ್ನು ಕನ್ನಡದಲ್ಲಿ ಬರೆದುಕೊಂಡೆ. ಆಮೇಲೆ ಗೊತ್ತಾಯಿತು, ನಾನು ದಿನಾ ಮಾಡುತ್ತಿದ್ದ ಎಷ್ಟೋ ಕೆಲಸ 2009ರ ಮೃಗಾಲಯ ಮಾನ್ಯತಾ ನಿಯಮಗಳಲ್ಲೇ ಇವೆ. ದಿನದ 24 ಗಂಟೆಯೂ ಕುಡಿಯುವ ನೀರು ಇರಲೇಬೇಕು. ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ತೊಟ್ಟಿ ಮಧ್ಯಾಹ್ನಕ್ಕೇ ಕಾದುಬಿಡುತ್ತದೆ, ಆದ್ದರಿಂದ ನಾನು ದಿನಕ್ಕೆ ಮೂರು ಸಲ ನೀರು ಬದಲಿಸುತ್ತೇನೆ. ವಾರಕ್ಕೊಂದು ದಿನ ಜನರಿಗೆ ರಜೆ ಇರುವುದು ನಮಗಾಗಿ ಅಲ್ಲ, ಪ್ರಾಣಿಗಳಿಗಾಗಿ. ಪ್ರಾಣಿ ಸತ್ತರೆ ಪೋಸ್ಟ್‌ಮಾರ್ಟಂ ಮಾಡಿ ಕಾರಣ ತಿಳಿಯಲೇಬೇಕು, ಸುಮ್ನೆ ಹೂಳುವಂತಿಲ್ಲ.

ಅದೇ ವನ್ಯಜೀವಿ ಕಾಯ್ದೆಯ ಸೆಕ್ಷನ್ 38ಜೆ ಮಾತ್ರ ಪ್ರತಿ ಕೀಪರಿಗೂ ಬಾಯಿಪಾಠ ಆಗಿರಬೇಕು. ಪ್ರಾಣಿಯನ್ನು ಕೆಣಕುವುದು, ಗಾಯ ಮಾಡುವುದು, ತಿನಿಸು ಹಾಕುವುದು, ಕೂಗಾಡಿ ತೊಂದರೆ ಕೊಡುವುದು, ಕಸ ಎಸೆಯುವುದು ಎಲ್ಲವೂ ಅಪರಾಧ. ಆರು ತಿಂಗಳವರೆಗೂ ಜೈಲಾಗಬಹುದು. ಮೊದಲೆಲ್ಲ ನಾನು "ಕಲ್ಲು ಹೊಡೀಬೇಡ್ರೀ" ಅಂತ ಬೇಡಿಕೊಳ್ಳುತ್ತಿದ್ದೆ. ಈಗ ಹತ್ತಿರ ಹೋಗಿ ಮೆಲ್ಲಗೆ ಸೆಕ್ಷನ್ ಹೇಳುತ್ತೇನೆ. ಕೈಯಲ್ಲಿದ್ದ ಕಲ್ಲು ಕೆಳಗೆ ಬೀಳುತ್ತದೆ.

ಜಾಸ್ತಿ ಕಷ್ಟ ಆಗುವುದು ಗೇಟಿನಲ್ಲಿ. ಕಳೆದ ಬೇಸಿಗೆಯಲ್ಲಿ ಒಬ್ಬ ಅಜ್ಜಿ ಗಿಣಿಯ ಪಂಜರ ಹಿಡಿದು ಬಂದರು. "ಎಂಟು ವರ್ಷ ಸಾಕೀನಪ್ಪ, ಈಗ ನನ್ನ ಕೈಲಿ ಆಗಲ್ಲ, ನೀವು ಇಟ್ಕೊಳ್ರಿ" ಅಂದರು. ಗಿಣಿಯನ್ನು ಮನೆಯಲ್ಲಿ ಸಾಕುವುದೇ ಅಪರಾಧ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಪಂಜರ ತೆಗೆದುಕೊಂಡು ಒಳಗೆ ಹೋಗುವುದು ಸುಲಭ. ಆದರೆ ಮೃಗಾಲಯಕ್ಕೆ ಹೊಸ ಪ್ರಾಣಿ ಬರಬೇಕಾದರೆ ಕೇಂದ್ರ ಮೃಗಾಲಯ ಪ್ರಾಧಿಕಾರದ ಅನುಮತಿ ಬೇಕು. ಯಾವ ರೋಗ ಹೊತ್ತು ಬಂದಿದೆಯೋ ಗೊತ್ತಿಲ್ಲದ ಒಂದು ಹಕ್ಕಿಯಿಂದ ಒಳಗಿರುವ ಹಕ್ಕಿಗಳಿಗೆಲ್ಲ ಅಪಾಯ.

ಅಜ್ಜಿಯನ್ನು ಬೇವಿನ ನೆರಳಿನಲ್ಲಿ ಕೂರಿಸಿದೆ. ಪಂಜರದ ಮೇಲೆ ಒದ್ದೆ ಬಟ್ಟೆ ಹೊದಿಸಿ, ಬಟ್ಟಲಿಗೆ ನೀರು ತುಂಬಿದೆ. ವಲಯ ಅರಣ್ಯ ಅಧಿಕಾರಿಯ ಕಚೇರಿಗೆ ಫೋನ್ ಮಾಡಿ, ತಾವಾಗಿಯೇ ಒಪ್ಪಿಸಲು ಬಂದಿದ್ದಾರೆ ಅಂತ ಬಿಡಿಸಿ ಹೇಳಿದೆ. ಅವರು ಬರುವವರೆಗೆ ಅಜ್ಜಿ ಗಿಣಿಯ ಜೊತೆ ಮಾತಾಡುತ್ತಲೇ ಇದ್ದರು. ನಾನೂ ಪಕ್ಕದಲ್ಲೇ ಕೂತಿದ್ದೆ. ಸಂಜೆ ಡ್ಯೂಟಿ ಮುಗಿಸುವ ಮೊದಲು ಆ ಕಚೇರಿಯ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಟಿಕೆಟ್ ಕಿಟಕಿಗೆ ಅಂಟಿಸಿದೆ.