‘ಸಾಲು’ ಅಂದರೆ ‘ಕಾಲು’ ಬರೆಯುವ ಮಗು

ಗಂಗಾವತಿ ಹತ್ತಿರದ ಶಾಲೆಯಲ್ಲಿ ನಾನು ಮೂರನೇ ತರಗತಿ ಟೀಚರ್. ಪಕ್ಕದಲ್ಲೇ ಗದ್ದಲದ ರೈಸ್ ಮಿಲ್. ಒಬ್ಬ ಹುಡುಗ ಉಕ್ತಲೇಖನದಲ್ಲಿ ‘ಸಾಲು’ ಅಂದರೆ ‘ಕಾಲು’ ಬರೆಯುತ್ತಿದ್ದ. ಲಕ್ಷ್ಯ ಇಲ್ಲ ಅಂತ ಎರಡು ತಿಂಗಳು ಬೈದೆ. ತಪ್ಪು ನನ್ನದೇ.

ಮಗುವಿಗೆ ಸರಿಯಾಗಿ ಕೇಳಿಸುತ್ತಿಲ್ಲವೇನೋ ಅಂತ ನಿಮಗೂ ಅನುಮಾನ ಬಂದರೆ ಹೀಗೆ ಮಾಡಿ. ಗದ್ದಲ ಇಲ್ಲದಾಗ ಮಗುವಿನ ಹಿಂದೆ ಒಂದು ತೋಳಿನಷ್ಟು ದೂರ ನಿಲ್ಲಿ. ಮಗು ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಳ್ಳಲಿ. ಉಸಿರು ಪೂರ್ತಿ ಬಿಟ್ಟು ಪಿಸುದನಿಯಲ್ಲಿ ‘ನಾಲ್ಕು, ಕ, ಎರಡು’ ಅನ್ನಿ. ಮಗು ಅದನ್ನೇ ಮತ್ತೆ ಹೇಳಬೇಕು. ಆಮೇಲೆ ಇನ್ನೊಂದು ಕಿವಿ, ಬೇರೆ ಅಂಕಿ. ಎದುರಿಗೆ ನಿಂತರೆ ತುಟಿ ನೋಡಿಯೇ ಹೇಳಿಬಿಡುತ್ತಾರೆ, ಜಾಣರು ಅಲ್ವಾ!

ತಪ್ಪಿದರೆ ಇಎನ್‌ಟಿ ಡಾಕ್ಟರ್‌ಗೆ ತೋರಿಸಿ. ಎಷ್ಟೋ ಸಲ ಗುಗ್ಗೆ, ಇಲ್ಲವೇ ನೆಗಡಿ ನಂತರ ಕಿವಿಪರದೆ ಹಿಂದೆ ನಿಂತ ನೀರು. ಕಡ್ಡಿ, ಬಿಸಿ ಎಣ್ಣೆ ಬೇಡವೇ ಬೇಡ.

ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳುತ್ತದೆ ಅಂತ ತೋರಿಸುವ ವರದಿ) ಸರಿ ಬಂದರೂ ಗದ್ದಲದಲ್ಲಿ ಮಾತು ಕಲಸಿಹೋಗುತ್ತದೆಯಾ? ಆಗ ಕಿವಿಗೆ ಕೇಳುತ್ತಿದೆ, ಮಿದುಳು ಬಿಡಿಸಿಕೊಳ್ಳುತ್ತಿಲ್ಲ ಅಂತಲೂ ಇರಬಹುದು. ಅದರ ಪರೀಕ್ಷೆಗಳನ್ನು ಸಾಮಾನ್ಯವಾಗಿ 7 ವರ್ಷ ತುಂಬಿದ ಮೇಲೆ ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರು, ಮಾಡುತ್ತಾರೆ.

ನಮ್ಮ ಹುಡುಗನನ್ನು ಕಿಟಕಿಯಿಂದ ಎಬ್ಬಿಸಿ ಮುಂದೆ ಕೂರಿಸಿದೆ. ಬೋರ್ಡ್ ಕಡೆ ತಿರುಗಿ ಮಾತಾಡುವುದನ್ನು ಬಿಡುತ್ತಿದ್ದೇನೆ. 18 ವರ್ಷದ ಚಟ, ಸುಮ್ನೆ ಹೋಗಲ್ಲ.